ಹಡಗಿಗೆ ಯಾವ ವಾಚ್ ಒಯ್ಯಬೇಕು? – ಜಾನ್ ಹ್ಯಾರಿಸನ್ ಎಂಬ ಬಡಗಿಯ ಕಥೆ

ವಿದೇಶಕ್ಕೆ ಹೊರಟವರ ಪ್ಯಾಕಿಂಗ್ ನಾವೆಲ್ಲ ನೋಡಿರ್ತೀವಿ. ಚಟ್ನಿಪುಡಿ, ಉಪ್ಪಿನಕಾಯಿ, ಪ್ರೆಷರ್ ಕುಕ್ಕರ್, ಪ್ಲಗ್ ಅಡಾಪ್ಟರ್ ಎಲ್ಲವನ್ನೂ ತೂಕ ಮಾಡಿ ತುಂಬಿದ ಮೇಲೆ ಕೊನೆಗೆ ಒಂದು ಸಣ್ಣ ಪ್ರಶ್ನೆ ಉಳಿಯುತ್ತೆ: ಕೈಗೆ ಯಾವ ವಾಚ್ ಕಟ್ಟೋದು? ದುಬಾರಿ ವಾಚ್ ಆದ್ರೆ ಕಳೆದುಹೋಗೋ ಭಯ. ಸ್ಮಾರ್ಟ್‌ವಾಚ್ ಆದ್ರೆ ಅದರ ಚಾರ್ಜರ್ ಬೇರೆ ಹೊರಬೇಕು. ತಾತನ ಕಾಲದ ಎಚ್‌ಎಂಟಿ ಆದ್ರೆ ದಿನಾ ಕೀ ಕೊಡಬೇಕು. ಅಲ್ಲಿ ಹೋಗಿ ಇಳಿದ ಮೇಲೆ ಇನ್ನೊಂದು ಗೊಂದಲ: ವಾಚನ್ನ ಅಲ್ಲಿನ ಟೈಮ್‌ಗೆ ತಿರುಗಿಸೋದಾ, ಊರಿನ ಟೈಮ್‌ನಲ್ಲೇ ಬಿಡೋದಾ?

ನಮಗೆ ಇದು ಅನುಕೂಲದ ಪ್ರಶ್ನೆ ಅಷ್ಟೇ. ಮನೆಯವರು ಮಲಗಿರೋ ಹೊತ್ತಲ್ಲಿ ಫೋನ್ ಮಾಡದಿದ್ರೆ ಸಾಕು. ಆದ್ರೆ 300 ವರ್ಷಗಳ ಹಿಂದೆ ಸಮುದ್ರ ದಾಟುವವರಿಗೆ ಇದು ಸಾವು ಬದುಕಿನ ಪ್ರಶ್ನೆ. ಊರಿನ ಟೈಮನ್ನು ತಿಂಗಳುಗಟ್ಟಲೆ ಸರಿಯಾಗಿ ತೋರಿಸೋ ಒಂದು ವಾಚ್ ಹಡಗಿನಲ್ಲಿ ಇದ್ದಿದ್ರೆ ಎಷ್ಟೋ ಜನ ಜೀವಂತ ಮನೆಗೆ ಬರ್ತಿದ್ರು. ಅಂಥ ವಾಚ್ ಆಗುವ ಮಾತಲ್ಲ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೇ ಅಂದುಕೊಂಡಿದ್ದ ಕಾಲದಲ್ಲಿ, ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದ ಒಬ್ಬ ಬಡಗಿ ಅದನ್ನ ಮಾಡಿ ತೋರಿಸಿದ. ಅವನೇ ಜಾನ್ ಹ್ಯಾರಿಸನ್. ನಮ್ಮ ಮೆಕ್ಯಾನಿಕಲ್ ಲ್ಯಾಬಿನಲ್ಲಿ ದಿನಾ ಕೈಗೆ ಸಿಗೋ ಎರಡು ವಸ್ತುಗಳು ಕೂಡ ಅವನ ಮೇಜಿನಿಂದಲೇ ಬಂದವು. ಅವು ಯಾವುವು ಅಂತ ಮುಂದೆ ಹೇಳ್ತೀನಿ.

ಟೈಮ್ ಗೊತ್ತಿದ್ರೆ ಜಾಗ ಗೊತ್ತು

ಮೊದಲು ಸಮಸ್ಯೆ ಏನು ಅಂತ ನೋಡೋಣ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತೆ. ಅಂದ್ರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಬೆಂಗಳೂರಿಗೂ ಮಂಗಳೂರಿಗೂ ರೇಖಾಂಶದಲ್ಲಿ ಸುಮಾರು ಎರಡೂಮುಕ್ಕಾಲು ಡಿಗ್ರಿ ವ್ಯತ್ಯಾಸ. ಹಾಗಾಗಿ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬಂದು ಸುಮಾರು 11 ನಿಮಿಷ ಆದ ಮೇಲೆ ಮಂಗಳೂರಿನಲ್ಲಿ ಬರ್ತಾನೆ. ನಮ್ಮೆಲ್ಲರ ಗಡಿಯಾರ ಒಂದೇ ಟೈಮ್ ತೋರಿಸೋದು ನಾವು 82.5 ಡಿಗ್ರಿ ಪೂರ್ವ ರೇಖೆಯ ಟೈಮನ್ನು ಇಡೀ ದೇಶಕ್ಕೆ ಒಪ್ಪಿಕೊಂಡಿರೋದರಿಂದ. ಸೂರ್ಯನಿಗೆ ಆ ಒಪ್ಪಂದ ಗೊತ್ತಿಲ್ಲ.

ಈಗ ಇದನ್ನೇ ತಿರುಗಿಸಿ ನೋಡಿ. ಬೆಂಗಳೂರಿನ ಸ್ವಂತ ಟೈಮ್‌ಗೆ ಇಟ್ಟ ಒಂದು ವಾಚ್ ನಿಮ್ಮ ಕೈಲಿದೆ. ನಡುಸಮುದ್ರದಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬಂದಾಗ ವಾಚ್ ನೋಡ್ತೀರಿ. ಅದು ಮಧ್ಯಾಹ್ನ 2 ಗಂಟೆ ತೋರಿಸಿದ್ರೆ ನೀವು ಬೆಂಗಳೂರಿಗಿಂತ 30 ಡಿಗ್ರಿ ಪಶ್ಚಿಮಕ್ಕಿದ್ದೀರಿ. ಲೆಕ್ಕ ಇಷ್ಟೇ. ಸೂರ್ಯನ ಓಟ ವರ್ಷವಿಡೀ ಒಂದೇ ಸಮ ಇರಲ್ಲ ಅನ್ನೋ ಸಣ್ಣ ತಿದ್ದುಪಡಿಗೆ ಆಗಲೇ ಕೋಷ್ಟಕ ಇತ್ತು. ಅಕ್ಷಾಂಶವನ್ನ ಧ್ರುವ ನಕ್ಷತ್ರದ ಅಥವಾ ಸೂರ್ಯನ ಎತ್ತರ ನೋಡಿ ನಾವಿಕರು ಹಿಂದಿನಿಂದಲೂ ಕಂಡುಹಿಡೀತಿದ್ರು. ರೇಖಾಂಶಕ್ಕೆ ಮಾತ್ರ ವಾಚ್ ಬೇಕು, ಆ ವಾಚೇ ಇರಲಿಲ್ಲ.

ಯಾಕೆ ಇರಲಿಲ್ಲ? ಆಗ ಇದ್ದ ಒಳ್ಳೇ ಗಡಿಯಾರ ಅಂದ್ರೆ ಲೋಲಕದ ಗಡಿಯಾರ. ಹಡಗು ಓಲಾಡಿದ್ರೆ ಲೋಲಕದ ಗತಿ ಕೆಡುತ್ತೆ. ಜೇಬಿನ ಗಡಿಯಾರಗಳು ದಿನಕ್ಕೆ ಒಂದು ನಿಮಿಷ ತಪ್ಪಿದ್ರೂ ಒಳ್ಳೇದು ಅನ್ನಿಸಿಕೊಳ್ತಿದ್ವು. ದಿನಕ್ಕೆ ಒಂದು ನಿಮಿಷ ಅಂದ್ರೆ ಕಾಲು ಡಿಗ್ರಿ. ಭೂಮಧ್ಯರೇಖೆಯ ಹತ್ತಿರ ಅದು ಸುಮಾರು 28 ಕಿಲೋಮೀಟರ್, ಅದೂ ದಿನದಿಂದ ದಿನಕ್ಕೆ ಕೂಡುತ್ತಾ ಹೋಗೋ ತಪ್ಪು. ಬಿಸಿಲಿಗೆ ಲೋಹ ಹಿಗ್ಗುತ್ತೆ, ಚಳಿಗೆ ಎಣ್ಣೆ ಗಟ್ಟಿಯಾಗುತ್ತೆ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತೆ.

1707ರ ಅಕ್ಟೋಬರ್ 22ರ ರಾತ್ರಿ ಇಂಗ್ಲೆಂಡಿನ ನೈರುತ್ಯದ ಸಿಲಿ ದ್ವೀಪಗಳ ಬಂಡೆಗಳಿಗೆ ಬ್ರಿಟಿಷ್ ನೌಕಾಪಡೆಯ ನಾಲ್ಕು ಹಡಗುಗಳು ಬಡಿದು ಮುಳುಗಿದವು. ತಾವೆಲ್ಲಿದ್ದೇವೆ ಅನ್ನೋ ಲೆಕ್ಕ ತಪ್ಪಿತ್ತು. ಅಡ್ಮಿರಲ್ ಕ್ಲೌಡ್ಸ್ಲಿ ಶೋವೆಲ್ ಸೇರಿ 1,400ಕ್ಕೂ ಹೆಚ್ಚು ಜನ ಸತ್ತರು. ಏಳು ವರ್ಷದ ನಂತರ, 1714ರಲ್ಲಿ, ಬ್ರಿಟನ್ನಿನ ಸಂಸತ್ತು ರೇಖಾಂಶ ಕಾಯ್ದೆ ತಂದಿತು. ವೆಸ್ಟ್ ಇಂಡೀಸ್‌ವರೆಗಿನ ಪ್ರಯಾಣದಲ್ಲಿ ಅರ್ಧ ಡಿಗ್ರಿಯೊಳಗೆ ರೇಖಾಂಶ ಹೇಳೋ ವಿಧಾನಕ್ಕೆ 20,000 ಪೌಂಡ್ ಬಹುಮಾನ. ಒಂದು ಡಿಗ್ರಿಯೊಳಗೆ ಆದ್ರೆ 10,000. ಅರ್ಧ ಡಿಗ್ರಿ ಅಂದ್ರೆ 2 ನಿಮಿಷ. ಆರು ವಾರದ ಪ್ರಯಾಣಕ್ಕೆ ಹಂಚಿದ್ರೆ ದಿನಕ್ಕೆ 3 ಸೆಕೆಂಡೂ ಸಿಗಲ್ಲ. ಸಲಹೆ ಕೇಳಿದಾಗ ನ್ಯೂಟನ್ ಕೂಡ ಹಡಗಿನ ಕುಲುಕಾಟ, ಬಿಸಿ-ಚಳಿ, ತೇವ, ಬೇರೆ ಬೇರೆ ಕಡೆ ಬೇರೆಯಾಗೋ ಗುರುತ್ವ ಎಲ್ಲವನ್ನೂ ಎಣಿಸಿ, ಇವನ್ನೆಲ್ಲ ತಡೆಯೋ ವಾಚ್ ಇನ್ನೂ ಯಾರೂ ಮಾಡಿಲ್ಲ ಎಂದು ಹೇಳಿದ್ದ.

ಮರದ ಗಡಿಯಾರ ಮಾಡಿದ ಹುಡುಗ

ಹ್ಯಾರಿಸನ್ ಹುಟ್ಟಿದ್ದು 1693ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಫೌಲ್ಬಿ ಎಂಬ ಹಳ್ಳಿಯಲ್ಲಿ. ಅಪ್ಪ ಬಡಗಿ. ಮನೆಯವರು ಲಿಂಕನ್‌ಶೈರ್‌ನ ಬ್ಯಾರೋ ಎಂಬ ಊರಿಗೆ ಬಂದು ನೆಲೆಸಿದರು. ಹುಡುಗನೂ ಅಪ್ಪನ ಕಸುಬನ್ನೇ ಕಲಿತ. ಊರಿಗೆ ಬಂದ ಒಬ್ಬ ಪಾದ್ರಿ ಅವನಿಗೆ ಕೇಂಬ್ರಿಡ್ಜ್‌ನ ಗಣಿತಜ್ಞ ಸಾಂಡರ್ಸನ್‌ನ ಉಪನ್ಯಾಸಗಳ ಕೈಬರಹದ ಪ್ರತಿಯೊಂದನ್ನ ಓದೋಕೆ ಕೊಟ್ಟ. ಹುಡುಗ ಅದನ್ನ ಅಕ್ಷರ ಬಿಡದೆ ಪೂರ್ತಿ ನಕಲು ಮಾಡಿಕೊಂಡ, ಚಿತ್ರಗಳ ಸಮೇತ. ಪರೀಕ್ಷೆ ಹಿಂದಿನ ರಾತ್ರಿ ಸೀನಿಯರ್ ನೋಟ್ಸ್ ಜೆರಾಕ್ಸ್ ಮಾಡಿಸೋ ನಮಗೆ ಆ ಕೆಲಸದ ಅಂದಾಜು ಸಿಗೋದು ಕಷ್ಟ. ಅವನ ಫಿಸಿಕ್ಸ್ ಓದು ನಡೆದದ್ದು ಹಾಗೆ.

ಇಪ್ಪತ್ತು ತುಂಬುವ ಮೊದಲೇ, 1713ರಲ್ಲಿ, ಮೊದಲ ಗಡಿಯಾರ ಮಾಡಿದ. ಗೊತ್ತಿದ್ದದ್ದು ಮರದ ಕೆಲಸ, ಹಾಗಾಗಿ ಹಲ್ಲಿನ ಚಕ್ರಗಳೂ ಓಕ್ ಮರದವೇ. 1720ರ ದಶಕದ ಆರಂಭದಲ್ಲಿ ಬ್ರಾಕಲ್ಸ್‌ಬಿ ಪಾರ್ಕ್ ಎಂಬ ಜಮೀನ್ದಾರಿ ಎಸ್ಟೇಟಿಗೆ ಒಂದು ಗೋಪುರದ ಗಡಿಯಾರ ಮಾಡಿಕೊಟ್ಟ. ಆಗಿನ ಎಣ್ಣೆ ಕೆಲವೇ ಸಮಯದಲ್ಲಿ ಜಿಗುಟಾಗಿ ಗಡಿಯಾರವನ್ನೇ ನಿಲ್ಲಿಸ್ತಿತ್ತು. ಹ್ಯಾರಿಸನ್ ಒಳ್ಳೇ ಎಣ್ಣೆ ಹುಡುಕೋಕೆ ಹೋಗಲಿಲ್ಲ. ತನ್ನಲ್ಲೇ ಜಿಡ್ಡಿರುವ ಲಿಗ್ನಮ್ ವೈಟೇ ಎಂಬ ಗಟ್ಟಿ ಮರದಲ್ಲಿ ಬೇರಿಂಗ್ ಮಾಡಿದ, ಎಣ್ಣೆಯ ಅಗತ್ಯವನ್ನೇ ತೆಗೆದುಹಾಕಿದ.

ಆಮೇಲೆ ತಮ್ಮ ಜೇಮ್ಸ್ ಜೊತೆ ಸೇರಿ ಲೋಲಕಕ್ಕೆ ಕೈಹಾಕಿದ. ಉಕ್ಕಿನ ಕಂಬಿಯ ಲೋಲಕ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದ್ರೆ ಉದ್ದದಲ್ಲಿ ಹತ್ತು ಲಕ್ಷಕ್ಕೆ ಸುಮಾರು 12 ಭಾಗ ಹಿಗ್ಗುತ್ತೆ. ಲೋಲಕದ ಅವಧಿ ಉದ್ದದ ವರ್ಗಮೂಲಕ್ಕೆ ಅನುಗುಣ. ಲೆಕ್ಕ ಹಾಕಿ ನೋಡಿ, ದಿನಕ್ಕೆ ಸುಮಾರು ಅರ್ಧ ಸೆಕೆಂಡ್ ನಿಧಾನ. ಚಳಿಗಾಲಕ್ಕೂ ಬೇಸಿಗೆಗೂ 10 ಡಿಗ್ರಿ ವ್ಯತ್ಯಾಸ ಅಂದ್ರೂ ದಿನಕ್ಕೆ 5 ಸೆಕೆಂಡ್. ಹಿತ್ತಾಳೆ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತೆ. ಎರಡರ ಕಂಬಿಗಳನ್ನ ಪಕ್ಕಪಕ್ಕ ಜೋಡಿಸಿ, ಉಕ್ಕು ಕೆಳಕ್ಕೆ ಹಿಗ್ಗಿದಷ್ಟು ಹಿತ್ತಾಳೆ ಮೇಲಕ್ಕೆ ಹಿಗ್ಗುವ ಹಾಗೆ ಮಾಡಿದ. ಲೋಲಕದ ಪರಿಣಾಮಕಾರಿ ಉದ್ದ ಅಲ್ಲೇ ನಿಂತಿತು. ಗ್ರಿಡ್‌ಐರನ್ ಪೆಂಡುಲಮ್ ಅಂತ ಓದ್ತೀವಲ್ಲ, ಇದೇ ಅದು.

ಸರಿ, ಇಷ್ಟು ನಿಖರವಾದ ಗಡಿಯಾರವನ್ನ ಹಳ್ಳಿಯಲ್ಲಿ ಯಾವುದಕ್ಕೆ ಹೋಲಿಸಿ ನೋಡೋದು? ಹ್ಯಾರಿಸನ್ ರಾತ್ರಿ ತನ್ನ ಮನೆ ಕಿಟಕಿಯ ಚೌಕಟ್ಟಿಗೂ ಪಕ್ಕದ ಮನೆಯ ಚಿಮಣಿಗೂ ಗೆರೆ ಹಿಡಿದು, ನಕ್ಷತ್ರಗಳು ಚಿಮಣಿಯ ಹಿಂದೆ ಮರೆಯಾಗೋ ಕ್ಷಣವನ್ನ ಗುರುತು ಹಾಕಿಕೊಳ್ತಿದ್ದ. ನಕ್ಷತ್ರ ಪ್ರತಿ ರಾತ್ರಿ ಸುಮಾರು 3 ನಿಮಿಷ 56 ಸೆಕೆಂಡ್ ಮೊದಲು ಬರುತ್ತೆ. ಆ ಲೆಕ್ಕದ ಪ್ರಕಾರ ಅವನ ಗಡಿಯಾರಗಳ ತಪ್ಪು ತಿಂಗಳಿಗೆ ಒಂದು ಸೆಕೆಂಡಿನಷ್ಟು ಎಂದು ಅವನೇ ಬರೆದಿಟ್ಟ. ಇನ್‌ಸ್ಟ್ರುಮೆಂಟ್ ಇಲ್ಲ ಅಂತ ಪ್ರಾಜೆಕ್ಟ್ ಮುಂದೂಡೋರು ಆ ಚಿಮಣಿಯನ್ನ ನೆನಪಿಟ್ಟುಕೊಳ್ಳಬಹುದು.

ಮೂರು ಯಂತ್ರ, ಮೂವತ್ತು ವರ್ಷ

1730ರಲ್ಲಿ ಹ್ಯಾರಿಸನ್ ತನ್ನ ನಕ್ಷೆ ಹಿಡಿದು ಲಂಡನ್ನಿಗೆ ಹೋದ. ಮೊದಲು ಸಿಕ್ಕಿದ್ದು ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿ. ಅವನು ಗಡಿಯಾರ ತಜ್ಞ ಜಾರ್ಜ್ ಗ್ರಹಾಂ ಹತ್ತಿರ ಕಳಿಸಿದ. ಗ್ರಹಾಂ ನಕ್ಷೆ ನೋಡಿ ಬಡ್ಡಿ ಇಲ್ಲದೆ ಸಾಲ ಕೊಟ್ಟ. ಐದು ವರ್ಷದಲ್ಲಿ ಮೊದಲ ಸಮುದ್ರ ಗಡಿಯಾರ ಸಿದ್ಧವಾಯಿತು. ಈಗ ಅದಕ್ಕೆ ಎಚ್-1 ಅಂತಾರೆ. ತೂಕ ಸುಮಾರು 34 ಕೆಜಿ. ಲೋಲಕದ ಬದಲು ಎರಡು ತೂಗುಸಲಾಕೆಗಳು, ಒಂದು ಎಡಕ್ಕೆ ಹೋದ್ರೆ ಇನ್ನೊಂದು ಬಲಕ್ಕೆ. ಹಡಗಿನ ಓಲಾಟ ಒಂದಕ್ಕೆ ಕೂಡಿದ್ರೆ ಇನ್ನೊಂದಕ್ಕೆ ಕಳೆಯುತ್ತೆ.

1736ರಲ್ಲಿ ಅದನ್ನ ಹಡಗಿಗೆ ಹೇರಿಕೊಂಡು ಹ್ಯಾರಿಸನ್ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋಗಿ ಬಂದ. ವಾಪಸ್ ಬರುವಾಗ ಇಂಗ್ಲೆಂಡಿನ ದಕ್ಷಿಣ ಕರಾವಳಿ ಕಂಡಿತು. ಇದು ಸ್ಟಾರ್ಟ್ ಪಾಯಿಂಟ್ ಎಂದು ನಾವಿಕರು ಅಂದುಕೊಂಡರು. ಹ್ಯಾರಿಸನ್ ತನ್ನ ಗಡಿಯಾರದ ಲೆಕ್ಕದ ಮೇಲೆ ಅಲ್ಲ, ಇದು ಲಿಜರ್ಡ್ ಎಂದ. ಎರಡಕ್ಕೂ ನಡುವೆ ಸುಮಾರು 60 ಮೈಲಿ. ಬಡಗಿಯ ಲೆಕ್ಕವೇ ಸರಿ ಇತ್ತು.

ಬಹುಮಾನದ ಉಸ್ತುವಾರಿಗೆ ಇದ್ದ ರೇಖಾಂಶ ಮಂಡಳಿ 1737ರಲ್ಲಿ ಸಭೆ ಸೇರಿತು. ಬೇರೆ ಯಾರಾದ್ರೂ ಆಗಿದ್ರೆ ವೆಸ್ಟ್ ಇಂಡೀಸ್ ಪರೀಕ್ಷೆಗೆ ಹಡಗು ಕೊಡಿ ಅಂತ ಕೇಳ್ತಿದ್ರು. ಹ್ಯಾರಿಸನ್ ತಾನೇ ಎದ್ದು ತನ್ನ ಯಂತ್ರದ ಕೊರತೆ ಹೇಳಿ, ಇನ್ನೊಂದು ಮಾಡ್ತೀನಿ, 500 ಪೌಂಡ್ ಸಹಾಯ ಕೊಡಿ ಅಂತ ಕೇಳಿಕೊಂಡ. ಎರಡು ವರ್ಷದಲ್ಲಿ ಎಚ್-2 ಆಯಿತು. ಹಡಗು ದಿಕ್ಕು ತಿರುಗಿದಾಗ ತೂಗುಸಲಾಕೆಗಳ ಗತಿ ಬದಲಾಗೋ ದೋಷವನ್ನ ಅದರಲ್ಲಿ ಅವನೇ ಕಂಡುಹಿಡಿದ. ಆ ಯಂತ್ರ ಸಮುದ್ರಕ್ಕೆ ಹೋಗಲೇ ಇಲ್ಲ.

ಮೂರನೆಯದು, ಎಚ್-3, ಅವನ ಜೀವನದ 19 ವರ್ಷ ತಿಂದಿತು. ಅದರಲ್ಲಿ 700ಕ್ಕೂ ಹೆಚ್ಚು ಭಾಗಗಳು. ಮೊದಲು ಹೇಳಿದ ಆ ಎರಡು ವಸ್ತುಗಳು ಹುಟ್ಟಿದ್ದು ಇದರಲ್ಲೇ. ಒಂದು ಬೈಮೆಟಾಲಿಕ್ ಸ್ಟ್ರಿಪ್: ಹಿತ್ತಾಳೆ ಮತ್ತು ಉಕ್ಕಿನ ಪಟ್ಟಿಗಳನ್ನ ಒಂದಕ್ಕೊಂದು ಅಂಟಿಸಿದ್ರೆ ಬಿಸಿಗೆ ಬಾಗುತ್ತೆ. ಇವತ್ತಿನ ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟ್‌ನಲ್ಲಿ ಇರೋದು ಅದೇ ತತ್ವ. ಇನ್ನೊಂದು ಕೇಜ್ ಇರುವ ರೋಲರ್ ಬೇರಿಂಗ್. ಇಷ್ಟೆಲ್ಲ ಆದ್ರೂ ಎಚ್-3 ಅವನಿಗೆ ಬೇಕಾದಷ್ಟು ಸರಿಯಾಗಿ ನಡೆಯಲಿಲ್ಲ. 1749ರಲ್ಲಿ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟಿತು. ಪದಕ ಬಂದ ಮೇಲೂ ಯಂತ್ರ ಮೇಜಿನ ಮೇಲೇ ಇತ್ತು.

ದೊಡ್ಡದು ಬಿಟ್ಟು ಚಿಕ್ಕದು

ಇಲ್ಲಿ ಅವನ ಬದುಕಿನ ದೊಡ್ಡ ತಿರುವು ಬರುತ್ತೆ. 1753ರ ಸುಮಾರಿಗೆ ಜಾನ್ ಜೆಫ್ರೀಸ್ ಎಂಬ ವಾಚ್ ಕಸುಬುದಾರ ಹ್ಯಾರಿಸನ್ ಕೊಟ್ಟ ವಿನ್ಯಾಸದಂತೆ ಅವನ ಸ್ವಂತ ಬಳಕೆಗೆ ಒಂದು ಜೇಬಿನ ಗಡಿಯಾರ ಮಾಡಿಕೊಟ್ಟ. ಆ ಕಾಲದ ಎಲ್ಲರ ಹಾಗೆ ಹ್ಯಾರಿಸನ್ನನಿಗೂ ಜೇಬಿನ ಗಡಿಯಾರ ಅಂದ್ರೆ ಆಟದ ಸಾಮಾನು, ನಿಖರತೆಗೆ ದೊಡ್ಡ ಯಂತ್ರವೇ ಬೇಕು ಅನ್ನೋ ನಂಬಿಕೆ ಇತ್ತು. ಈ ಪುಟ್ಟ ವಾಚ್ ಮಾತ್ರ ಅವನ ಎಣಿಕೆಗಿಂತ ಚೆನ್ನಾಗಿ ನಡೆಯಿತು. ಯಾಕೆ ಅಂತ ಅವನಿಗೆ ಹೊಳೆಯಿತು. ಹಡಗು ಓಲಾಡೋದು ಕೆಲವು ಸೆಕೆಂಡಿಗೆ ಒಮ್ಮೆ. ದೊಡ್ಡ ಯಂತ್ರದ ತೂಗಾಟವೂ ನಿಧಾನ, ಹಾಗಾಗಿ ಎರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತೆ. ಪುಟ್ಟ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಸಲ ಜೋರಾಗಿ ಬೀಸಿದ್ರೆ ಹಡಗಿನ ಓಲಾಟ ಅದಕ್ಕೆ ಲೆಕ್ಕಕ್ಕೇ ಇಲ್ಲ. ನಮ್ಮ ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸೋದೂ ಇದೇ ದಾರಿಯ ಮುಂದಿನ ಹೆಜ್ಜೆ.

ಅರವತ್ತು ವರ್ಷದ ಮನುಷ್ಯ. ಒಂದು ಯಂತ್ರಕ್ಕೆ ಅಷ್ಟೊಂದು ವರ್ಷ ಸುರಿದಿದ್ದಾನೆ, ಹೆಸರು ಬಂದಿದ್ದೇ ದೊಡ್ಡ ಯಂತ್ರಗಳಿಂದ. ಅದನ್ನ ಪಕ್ಕಕ್ಕಿಟ್ಟು ಬೇರೆ ದಾರಿ ಹಿಡಿಯೋದು ಎಷ್ಟು ಕಷ್ಟ ಅನ್ನೋದು ಏಳನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಟಾಪಿಕ್ ಬದಲಿಸಿದವರಿಗೆ ಸ್ವಲ್ಪ ಗೊತ್ತು. ಹ್ಯಾರಿಸನ್ ಬದಲಿಸಿದ. 1759ರಲ್ಲಿ ಎಚ್-4 ಮುಗಿಯಿತು. ನೋಡೋಕೆ ಒಂದು ದೊಡ್ಡ ಜೇಬಿನ ಗಡಿಯಾರ: ಅಗಲ 13 ಸೆಂಟಿಮೀಟರ್, ತೂಕ ಸುಮಾರು ಒಂದೂವರೆ ಕೆಜಿ. ಒಳಗೆ ವಜ್ರದ ಪ್ಯಾಲೆಟ್‌ಗಳು. ಮುಖ್ಯ ಸ್ಪ್ರಿಂಗಿನ ಬಲ ಏರುಪೇರಾಗದಂತೆ ಏಳೂವರೆ ಸೆಕೆಂಡಿಗೊಮ್ಮೆ ತಾನೇ ಸುತ್ತಿಕೊಳ್ಳುವ ಇನ್ನೊಂದು ಪುಟ್ಟ ಸ್ಪ್ರಿಂಗ್. ಕೀ ಕೊಡುವಾಗಲೂ ಗಡಿಯಾರ ನಿಲ್ಲಲ್ಲ. ಎಣ್ಣೆಯೇ ಬೇಡ ಅಂತ ಶುರುಮಾಡಿದ ಮನುಷ್ಯ ಇದಕ್ಕೆ ಎಣ್ಣೆ ಹಾಕೋಕೂ ಒಪ್ಪಿಕೊಂಡ.

ದಿನಕ್ಕೆ ಎಷ್ಟು ತಪ್ಪು?

1761ರ ನವೆಂಬರ್‌ನಲ್ಲಿ ಎಚ್-4 ಡೆಪ್ಟ್‌ಫರ್ಡ್ ಎಂಬ ಹಡಗು ಹತ್ತಿ ಜಮೈಕಾಕ್ಕೆ ಹೊರಟಿತು. ಹ್ಯಾರಿಸನ್‌ಗೆ ಆಗ 68. ಜೊತೆಗೆ ಹೋದದ್ದು ಮಗ ವಿಲಿಯಂ. ದಾರಿಯಲ್ಲಿ ಮಡೈರಾ ದ್ವೀಪ ಯಾವಾಗ ಕಾಣುತ್ತೆ ಅನ್ನೋದರಲ್ಲಿ ಕ್ಯಾಪ್ಟನ್‌ಗೂ ವಿಲಿಯಂಗೂ ಬೇರೆ ಬೇರೆ ಲೆಕ್ಕ. ವಿಲಿಯಂ ಹೇಳಿದ ಹಾಗೆಯೇ ದ್ವೀಪ ಕಂಡಿತು. ಜಮೈಕಾದಲ್ಲಿ ಪರೀಕ್ಷಿಸಿದಾಗ 81 ದಿನಕ್ಕೆ ತಪ್ಪು 5.1 ಸೆಕೆಂಡ್. ಬಹುಮಾನಕ್ಕೆ 2 ನಿಮಿಷದವರೆಗೂ ಅವಕಾಶ ಇತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಈ ಇಡೀ ಕಥೆಯ ಜೀವ ಅಲ್ಲೇ ಇದೆ. ಎಚ್-4 ನಿಜವಾಗಿ ತೋರಿಸಿದ ಟೈಮ್ ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಂದೆ ಇತ್ತು. ಆದರೆ ಅದು ದಿನಕ್ಕೆ 2⅔ ಸೆಕೆಂಡ್ ಹಿಂದೆ ಬೀಳುತ್ತೆ ಅಂತ ಹೊರಡೋ ಮೊದಲೇ ಅಳೆದಿದ್ರು. 81 ದಿನಕ್ಕೆ 216 ಸೆಕೆಂಡ್. ಅಷ್ಟನ್ನ ಕೂಡಿದ ಮೇಲೆ ಉಳಿದ ತಪ್ಪು 5.1. ಒಂದು ವಾಚ್ ದಿನಾ ಅಷ್ಟೇ ತಪ್ಪಿದ್ರೆ ಆ ತಪ್ಪು ತಪ್ಪೇ ಅಲ್ಲ, ಒಂದು ಗುಣಾಕಾರದಲ್ಲಿ ಮುಗಿಯುತ್ತೆ. ಇವತ್ತು 2 ಸೆಕೆಂಡ್ ಮುಂದೆ, ನಾಳೆ 2 ಸೆಕೆಂಡ್ ಹಿಂದೆ ಹೋಗೋ ವಾಚ್ ಸರಾಸರಿಯಲ್ಲಿ ಎಷ್ಟೇ ಸರಿ ಇದ್ರೂ ಅದನ್ನ ನಂಬೋಕಾಗಲ್ಲ. ಮೆಟ್ರಾಲಜಿ ಕ್ಲಾಸಿನಲ್ಲಿ ಸಿಸ್ಟಮ್ಯಾಟಿಕ್ ಎರರ್, ರ‍್ಯಾಂಡಮ್ ಎರರ್ ಅಂತ ಬರ್ಕೊಳ್ತೀವಲ್ಲ, ಅದೇ ವಿಷಯ. ದಿನದ ತಪ್ಪಿನ ಈ ದರವನ್ನ ಗಡಿಯಾರದವರು ರೇಟ್ ಅಂತಾರೆ.

ಮಂಡಳಿ ಹಿಡಿದದ್ದೂ ಇದನ್ನೇ. ಆ ರೇಟನ್ನ ಮೊದಲೇ ಅಧಿಕೃತವಾಗಿ ತಿಳಿಸಿರಲಿಲ್ಲ, ಜಮೈಕಾದ ರೇಖಾಂಶವೂ ಸರಿಯಾಗಿ ಗೊತ್ತಿರಲಿಲ್ಲ, ಇದು ಆಕಸ್ಮಿಕ ಇರಬಹುದು, ಇನ್ನೊಂದು ಪರೀಕ್ಷೆ ಬೇಕು ಎಂದರು. 1764ರಲ್ಲಿ ವಿಲಿಯಂ ಮತ್ತೆ ಹೊರಟ, ಈ ಸಲ ಬಾರ್ಬಡೋಸ್‌ಗೆ. ಹೊರಡೋ ಮೊದಲು ವಾಚಿನ ರೇಟನ್ನ ಬರೆದು ಕೊಟ್ಟ. ದ್ವೀಪದ ರೇಖಾಂಶ ಅಳೆಯೋಕೆ ಖಗೋಳಶಾಸ್ತ್ರಜ್ಞ ನೆವಿಲ್ ಮ್ಯಾಸ್ಕೆಲೈನ್ ಮೊದಲೇ ಅಲ್ಲಿಗೆ ಹೋಗಿದ್ದ. 47 ದಿನಕ್ಕೆ ವಾಚಿನ ತಪ್ಪು 39.2 ಸೆಕೆಂಡ್. ಕಾಯ್ದೆ ಕೇಳಿದ್ದಕ್ಕಿಂತ ಮೂರು ಪಟ್ಟು ಚೆನ್ನ.

ಬಹುಮಾನ ಯಾಕೆ ಬರಲಿಲ್ಲ

ಅಷ್ಟಾದರೂ ಪೂರ್ತಿ ಹಣ ಬರಲಿಲ್ಲ. ಮ್ಯಾಸ್ಕೆಲೈನ್ ಬೇರೊಂದು ವಿಧಾನದ ಪರ ಇದ್ದವನು: ಚಂದ್ರನಿಗೂ ನಕ್ಷತ್ರಗಳಿಗೂ ಇರೋ ಕೋನ ಅಳೆದು, ಕೋಷ್ಟಕ ನೋಡಿ ಟೈಮ್ ಕಂಡುಹಿಡಿಯೋದು. 1765ರಲ್ಲಿ ಅವನೇ ರಾಜಖಗೋಳಶಾಸ್ತ್ರಜ್ಞನಾದ, ಮಂಡಳಿಯಲ್ಲೂ ಕೂತ. ಅದೇ ವರ್ಷ ಹೊಸ ಕಾಯ್ದೆ ಬಂತು: ವಾಚಿನ ಗುಟ್ಟು ಬಿಚ್ಚಿಟ್ಟರೆ ಅರ್ಧ ಬಹುಮಾನ, ಉಳಿದ ಅರ್ಧ ಅದರ ಪ್ರತಿಗಳು ಆದ ಮೇಲೆ. 72 ವರ್ಷದ ಹ್ಯಾರಿಸನ್ ತಜ್ಞರ ಸಮಿತಿಯ ಎದುರು ಎಚ್-4ರ ಒಂದೊಂದೇ ಭಾಗ ಬಿಚ್ಚಿ ವಿವರಿಸಿದ. ಮೊದಲ ಅರ್ಧ ಸಿಕ್ಕಿತು. ವಾಚನ್ನ ಮಂಡಳಿ ಇಟ್ಟುಕೊಂಡಿತು.

ಆಮೇಲೆ ಗ್ರೀನಿಚ್ ವೀಕ್ಷಣಾಲಯದಲ್ಲಿ ಮ್ಯಾಸ್ಕೆಲೈನ್ ಅದನ್ನ ತಿಂಗಳುಗಟ್ಟಲೆ ಪರೀಕ್ಷಿಸಿ, ದೂರ ಪ್ರಯಾಣಕ್ಕೆ ಇದನ್ನೊಂದನ್ನೇ ನಂಬೋಕಾಗಲ್ಲ ಅನ್ನೋ ವರದಿ ಕೊಟ್ಟ. ಹ್ಯಾರಿಸನ್ ಸಿಟ್ಟಿನಿಂದ ಪ್ರತಿವಾದ ಬರೆದು ಅಚ್ಚು ಹಾಕಿಸಿದ. ಅವನ ಮೂರು ದೊಡ್ಡ ಯಂತ್ರಗಳನ್ನೂ ಮಂಡಳಿಯ ಕಡೆಯವರು ಗಾಡಿಗೆ ಹೇರಿಕೊಂಡು ಹೋದರು. ಎಚ್-1 ಸಾಗಿಸುವಾಗ ಕೈಜಾರಿ ಬಿತ್ತು.

ಮ್ಯಾಸ್ಕೆಲೈನ್‌ನನ್ನ ಸಿನಿಮಾದ ವಿಲನ್ ಮಾಡೋದು ಸುಲಭ. ಆದರೆ ಅವನ ಚಂದ್ರನ ವಿಧಾನವೂ ನಿಜವಾಗಿ ಕೆಲಸ ಮಾಡ್ತಿತ್ತು. ವಾಚ್ ಕೊಳ್ಳೋ ಶಕ್ತಿ ಇಲ್ಲದ ಹಡಗುಗಳು ಎಷ್ಟೋ ದಶಕ ಅದನ್ನೇ ಬಳಸಿದವು. ಮಂಡಳಿಯ ಪ್ರಶ್ನೆಯಲ್ಲೂ ಅರ್ಥ ಇತ್ತು: ಒಬ್ಬ ಅಸಾಮಾನ್ಯ ಕುಶಲಿ ಆರು ವರ್ಷ ಕೂತು ಮಾಡಿದ ಒಂದೇ ಒಂದು ವಾಚಿನಿಂದ ಇಡೀ ನೌಕಾಪಡೆಗೆ ಏನು ಪ್ರಯೋಜನ? ಇನ್ನೊಬ್ಬ ಮಾಡಬಲ್ಲನಾ? ಪ್ರೋಟೋಟೈಪ್ ಓಡೋದು ಬೇರೆ, ಪ್ರಾಡಕ್ಟ್ ಆಗೋದು ಬೇರೆ. ಹ್ಯಾರಿಸನ್‌ಗೆ ಆದ ಅನ್ಯಾಯ ಅಂದ್ರೆ, ಪ್ರತಿ ಸಲ ಗೆದ್ದ ಮೇಲೆ ಗೆಲ್ಲೋ ಗೆರೆಯನ್ನ ಮುಂದಕ್ಕೆ ಎಳೀತಾ ಹೋದದ್ದು.

ವಯಸ್ಸಾದ ಹ್ಯಾರಿಸನ್ ಮಗನ ಜೊತೆ ಸೇರಿ ಇನ್ನೊಂದು ವಾಚ್ ಮಾಡಿದ, ಎಚ್-5. ಕೊನೆಗೆ ವಿಲಿಯಂ ದೊರೆ ಮೂರನೇ ಜಾರ್ಜ್‌ನ ಮೊರೆ ಹೋದ. ದೊರೆಗೆ ವಿಜ್ಞಾನದಲ್ಲಿ ಆಸಕ್ತಿ. 1772ರಲ್ಲಿ ತನ್ನ ಸ್ವಂತ ವೀಕ್ಷಣಾಲಯದಲ್ಲೇ ಹತ್ತು ವಾರ ಎಚ್-5 ಓಡಿಸಿ ನೋಡಿದ. ತಪ್ಪು ದಿನಕ್ಕೆ ಸೆಕೆಂಡಿನ ಮೂರನೇ ಒಂದು ಭಾಗದೊಳಗೆ. 1773ರಲ್ಲಿ ಸಂಸತ್ತು ಹ್ಯಾರಿಸನ್‌ಗೆ 8,750 ಪೌಂಡ್ ಕೊಟ್ಟಿತು. ಆಗ ಅವನಿಗೆ 80. ಹಣ ಬಂತು, ಆದರೆ 1714ರ ಆ ಬಹುಮಾನ ಹೆಸರಿಟ್ಟು ಅವನಿಗೂ ಬರಲಿಲ್ಲ, ಬೇರೆ ಯಾರಿಗೂ ಬರಲಿಲ್ಲ.

ಕ್ಯಾಪ್ಟನ್ ಕುಕ್ ಒಯ್ದ ವಾಚುಗಳು

ನಿಜವಾದ ಪರೀಕ್ಷೆ ನಡೆದದ್ದು ಬೇರೆ ಕಡೆ. ಲಾರ್ಕಂ ಕೆಂಡಾಲ್ ಎಂಬ ಕಸುಬುದಾರ ಎಚ್-4ರ ತದ್ರೂಪಿ ಪ್ರತಿಯೊಂದನ್ನ ಮಾಡಿದ್ದ, ಹೆಸರು ಕೆ-1. ಇನ್ನೊಬ್ಬ ಮಾಡಬಲ್ಲನಾ ಅನ್ನೋ ಪ್ರಶ್ನೆಗೆ ಅದೇ ಉತ್ತರ. 1772ರಲ್ಲಿ ಜೇಮ್ಸ್ ಕುಕ್ ತನ್ನ ಎರಡನೇ ಮಹಾಯಾನಕ್ಕೆ ಹೊರಟಾಗ ಎರಡು ಹಡಗಿಗೆ ನಾಲ್ಕು ವಾಚ್ ಕೊಟ್ಟರು: ಕೆ-1, ಮತ್ತು ಜಾನ್ ಆರ್ನಾಲ್ಡ್ ಎಂಬಾತ ಬೇರೆ ವಿನ್ಯಾಸದಲ್ಲಿ ಮಾಡಿದ ಮೂರು. ಯಾವುದನ್ನ ನಂಬಬೇಕು ಅನ್ನೋದು ಸಮುದ್ರದಲ್ಲೇ ತೀರ್ಮಾನ ಆಗಬೇಕಿತ್ತು. ಆರ್ನಾಲ್ಡ್‌ನ ವಾಚುಗಳು ಕೆ-1ಕ್ಕೆ ಸಾಟಿಯಾಗಲಿಲ್ಲ. ಉಷ್ಣವಲಯದ ಸೆಖೆಯಿಂದ ಅಂಟಾರ್ಕ್ಟಿಕ್ ವೃತ್ತದ ಹಿಮದವರೆಗೆ ಮೂರು ವರ್ಷ ಸುತ್ತಿದರೂ ಕೆ-1 ಕೈಬಿಡಲಿಲ್ಲ. ಮೊದಮೊದಲು ಕುಕ್ ವಾಚಿನ ಬಗ್ಗೆ ಪೂರ್ತಿ ನಂಬಿಕೆ ಇಟ್ಟವನಲ್ಲ. 1775ರಲ್ಲಿ ವಾಪಸ್ ಬರುವ ಹೊತ್ತಿಗೆ ಅದನ್ನ ಹೊಗಳಿ ಬರೆದ, ಮುಂದಿನ ಯಾನಕ್ಕೂ ಅದನ್ನೇ ಒಯ್ದ.

ಆ ಸುದ್ದಿ ಬರುವವರೆಗೆ ಹ್ಯಾರಿಸನ್ ಬದುಕಿದ್ದ. 1776ರ ಮಾರ್ಚ್ 24ರಂದು ಲಂಡನ್ನಿನಲ್ಲಿ ತೀರಿಕೊಂಡ, 83ನೇ ವಯಸ್ಸಿನಲ್ಲಿ. ಸಾಯುವ ಹಿಂದಿನ ವರ್ಷ ಒಂದು ಪುಸ್ತಕ ಬರೆದು, 100 ದಿನಕ್ಕೆ ಒಂದೇ ಸೆಕೆಂಡ್ ತಪ್ಪುವ ಲೋಲಕದ ಗಡಿಯಾರ ಸಾಧ್ಯ ಎಂದಿದ್ದ. ವಯಸ್ಸಾಗಿ ತಲೆ ಕೆಟ್ಟಿದೆ ಅನ್ನೋ ಧಾಟಿಯಲ್ಲಿ ವಿಮರ್ಶಕರು ಗೇಲಿ ಮಾಡಿದರು. ಅವನ ವಿನ್ಯಾಸದ ಮೇಲೆ ಕಟ್ಟಿದ ಒಂದು ಗಡಿಯಾರವನ್ನ ಗ್ರೀನಿಚ್‌ನಲ್ಲೇ 100 ದಿನ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಹೊರಬಂತು. ತಪ್ಪು ಒಂದು ಸೆಕೆಂಡಿಗಿಂತ ಕಡಿಮೆ. 240 ವರ್ಷ ತಡವಾಗಿ ಅವನ ಲೆಕ್ಕ ಪಾಸಾಯಿತು.

1831ರಲ್ಲಿ ಡಾರ್ವಿನ್ ಹೋದ ಬೀಗಲ್ ಹಡಗು 22 ಕ್ರೋನೋಮೀಟರ್ ಹೊತ್ತು ಹೊರಟಿತು. ಒಂದೇ ಇದ್ರೆ ಅದು ದಾರಿ ತಪ್ಪಿದ್ದು ಗೊತ್ತಾಗಲ್ಲ, ಎರಡಿದ್ರೆ ಯಾವುದು ತಪ್ಪಿತು ಅಂತ ಗೊತ್ತಾಗಲ್ಲ, ಹಲವು ಇದ್ರೆ ಹೋಲಿಸಿ ನೋಡಬಹುದು. ಕುಕ್‌ನ ಕಾಲಕ್ಕೆ ಒಂದು ಪ್ರತಿ ಮಾಡಿಸೋದೇ ದೊಡ್ಡ ವಿಷಯ ಆಗಿತ್ತು, ಅರವತ್ತು ವರ್ಷದೊಳಗೆ ಹಡಗೊಂದಕ್ಕೆ ಇಪ್ಪತ್ತೆರಡು.

ಈಗ ನಿಮ್ಮ ಜೇಬಿನ ಫೋನ್ ತೆಗೆದು ಮ್ಯಾಪ್ ನೋಡಿ. ಜಿಪಿಎಸ್ ಉಪಗ್ರಹದಲ್ಲಿ ಇರೋದೂ ಗಡಿಯಾರವೇ, ಪರಮಾಣು ಗಡಿಯಾರ. ಅದರ ಸಿಗ್ನಲ್ ಬರೋಕೆ ಹಿಡಿದ ಸಮಯದಿಂದ ಫೋನ್ ನಿಮ್ಮ ಜಾಗ ಲೆಕ್ಕ ಹಾಕುತ್ತೆ. ಒಂದು ಮೈಕ್ರೋಸೆಕೆಂಡ್ ತಪ್ಪಿದ್ರೆ 300 ಮೀಟರ್ ಆಚೀಚೆ. ಅಷ್ಟು ದುಬಾರಿ ಗಡಿಯಾರವೂ ಸ್ವಲ್ಪ ತಪ್ಪುತ್ತೆ. ಹಾಗಾಗಿ ಪ್ರತಿ ಉಪಗ್ರಹ ಟೈಮ್ ಜೊತೆಗೆ ತನ್ನ ಗಡಿಯಾರ ಎಷ್ಟು ತಪ್ಪಿದೆ, ಯಾವ ದರದಲ್ಲಿ ತಪ್ಪುತ್ತಾ ಇದೆ ಅನ್ನೋ ಅಂಕಿಗಳನ್ನೂ ಕಳಿಸ್ತಾನೇ ಇರುತ್ತೆ. ಬಾರ್ಬಡೋಸ್‌ಗೆ ಹೊರಡೋ ಮೊದಲು ವಿಲಿಯಂ ಬರೆದುಕೊಟ್ಟದ್ದೂ ಅದನ್ನೇ.

ಹಾಗಾದ್ರೆ ಎಂ.ಎಸ್. ಮಾಡೋಕೋ ಇಂಟರ್ನ್‌ಶಿಪ್‌ಗೋ ಹೊರಟವರು ಯಾವ ವಾಚ್ ಕಟ್ಟಬೇಕು? ಬೆಲೆ ನೋಡಬೇಡಿ. ಹೊರಡೋಕೆ ಹತ್ತು ದಿನ ಮೊದಲು ಇರೋ ವಾಚನ್ನ ಫೋನಿನ ಟೈಮ್‌ಗೆ ಸೆಕೆಂಡ್ ಸಮೇತ ಹೊಂದಿಸಿ, ದಿನಾ ಒಂದೇ ಹೊತ್ತಿಗೆ ಎಷ್ಟು ಹಿಂದೆ ಮುಂದೆ ಹೋಗಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಹತ್ತೂ ದಿನ ಹೆಚ್ಚುಕಡಿಮೆ ಅದೇ ಸಂಖ್ಯೆ ಬಂತಾ? ಕಟ್ಟಿಕೊಂಡು ಹೊರಡಿ, ಅದು ಅಗ್ಗದ್ದಾದ್ರೂ ಸರಿ. ಅಲ್ಲಿ ಇಳಿದ ಮೇಲೆ ಫೋನ್ ಅಲ್ಲಿನ ಟೈಮ್ ತೋರಿಸಲಿ. ಕೈಗಡಿಯಾರವನ್ನ ಊರಿನ ಟೈಮ್‌ನಲ್ಲೇ ಬಿಡಿ.